ಭಾನುವಾರದ ಬ್ಯಾಟರಿ

"ಅಜ್ಜೀ, ಅಮ್ಮ ಇವತ್ತೂ ಡಬ್ಬಿ ಹಂಗೇ ವಾಪಸ್ ತಂದೈತೆ ನೋಡು. ಕಡ್ಲೇಬೀಜನೂ ಆಯ್ದು ತಿಂದಿಲ್ಲ."

ಶಶಿರೇಖಾ ಡಬ್ಬಿಯ ಮುಚ್ಚಳ ತೆಗೆದು ಅಜ್ಜಿಯ ಮೂಗಿನ ಹತ್ತಿರ ಹಿಡಿದಳು. ಬೆಳಗಿನ ಚಿತ್ರಾನ್ನ ಒಂದಗಳೂ ಕದಲದೆ ಹುಳಿ ವಾಸನೆ ಹೊಡೆಯುತ್ತಿತ್ತು. ಎರಡು ಕೈಯಲ್ಲಿ ಹಿಟ್ಟಿನ ಕೋಲು ಹಿಡಿದು ಮುದ್ದೆ ತಿರುವುತ್ತಿದ್ದ ಭೀಮಕ್ಕ ಕಣ್ಣಲ್ಲೇ ಮೊಮ್ಮಗಳನ್ನು ಗದರಿಸಿದಳು.

"ಮೆತ್ತಗೆ ಮಾತಾಡೇ. ಈಗ ತಾನೇ ಬಂದು ಕೂತದೆ."

"ನಾನೇನು ಸುಳ್ಳು ಹೇಳಿದ್ನಾ? ಪಕ್ಕದ್ಮನೆ ಎಮ್ಮೆ ನಮ್ಮನೆ ಚಿತ್ರಾನ್ನ ತಿಂದು ತಿಂದು ದಪ್ಪ ಆಗೈತೆ. ಅಮ್ಮ ಸಣ್ಣ ಆಗೈತೆ."

ಹಜಾರದಿಂದ ವನಜಾಳ ದನಿ ಬಂತು. "ಅಲ್ಲೇನೇ ಗುಸುಗುಸು? ಪರೀಕ್ಷೆ ಇಟ್ಕೊಂಡು ಮಾತು ನಿಂಗೆ. ಫೇಲಾಗು, ಆಮೇಲೆ ನನ್ ಹಂಗೆ ಯಾರ್ದೋ ಮುಂದೆ ಕೈಕಟ್ಕೊಂಡು ನಿಂತ್ಕೊ."

ಶಶಿ ಡಬ್ಬಿಯನ್ನು ಹಿತ್ತಲಿಗೆ ಒಯ್ದಳು. ಭೀಮಕ್ಕ ಮುದ್ದೆ ಕಟ್ಟಿ, ಸೊಸೆಯ ತಟ್ಟೆಗೆ ಸೊಪ್ಪಿನ ಸಾರು ಬಿಟ್ಟು, ಮೇಲೊಂದು ಚಮಚ ತುಪ್ಪ ಹಾಕಿದಳು. ವನಜಾ ಮುದ್ದೆಯನ್ನು ಮುರಿದಳು, ಸಾರಿನಲ್ಲಿ ಹೊರಳಿಸಿದಳು, ಅರ್ಧ ಬಿಟ್ಟು ಎದ್ದಳು.

ಹಿಂದೆಲ್ಲ ಹೀಗಿರಲಿಲ್ಲ. ಭೀಮಕ್ಕ ಹುಳಿಯಾರು ಕಡೆಯ ಹಟ್ಟಿಯವಳು. ಗಂಡ ಯತ್ತಪ್ಪ ಇರುವ ತನಕ ಕುರಿಯ ಹಿಂದೆ ನಡೆದವಳು. ಮಗ ಈರೇಶನಿಗೆ ತುರುವೇಕೆರೆಯ ಕೊಬ್ಬರಿ ಮಂಡಿಯಲ್ಲಿ ಕೆಲಸ ಸಿಕ್ಕಿದ ಮೇಲೆ ಅವನ ಜೊತೆ ಇಲ್ಲಿಗೆ ಬಂದಳು. ನರ್ಸಿಂಗ್ ಓದಿದ ಹುಡುಗಿಯನ್ನು ಸೊಸೆಯಾಗಿ ತಂದಾಗ ಹಟ್ಟಿಯ ಹೆಂಗಸರು, "ದುಡಿಯೋಳು ಕಣಕ್ಕ, ನಿನ್ ಮಾತು ಎಲ್ಲಿ ಕೇಳ್ತಾಳೆ" ಎಂದು ಹೆದರಿಸಿದ್ದರು. ಹದಿನಾರು ವರ್ಷ ಆಯಿತು. ಕೇಳುವುದಿರಲಿ, ಅತ್ತೆಯ ಮಾತಿಗೆ ನಗುತ್ತಿದ್ದವಳು ವನಜಾ. ಊರಿನ ಒಂದು ನರ್ಸಿಂಗ್ ಹೋಮಿನಲ್ಲಿ ಅವಳು ಕೆಲಸಕ್ಕೆ ಸೇರಿದಂದಿನಿಂದ ಬೀದಿಯ ಜನ ಇಂಜೆಕ್ಷನ್ನಿಗೆ, ಗಾಯಕ್ಕೆ ಇವರ ಜಗುಲಿಗೇ ಬರುತ್ತಿದ್ದರು. "ನನ್ ಸೊಸೆ ಸೂಜಿ ಚುಚ್ಚಿದ್ರೆ ಸೊಳ್ಳೆ ಕಡಿದಂಗೂ ಆಗಲ್ಲ" ಎಂದು ಭೀಮಕ್ಕ ಬಂದವರಿಗೆಲ್ಲ ಹೇಳುತ್ತಿದ್ದಳು.

ಆರು ವರ್ಷದ ಹಿಂದೆ ಭೀಮಕ್ಕನಿಗೆ ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾದಾಗ ನರ್ಸಿಂಗ್ ಹೋಮಿನ ದೊಡ್ಡ ಡಾಕ್ಟರು ಅವಳನ್ನು ಎದುರಿಗೆ ಕೂರಿಸಿಕೊಂಡು ಹೇಳಿದ್ದರು. "ನೋಡು ಭೀಮಕ್ಕ, ಇನ್ಮೇಲೆ ನಿನ್ ಕಾಲಿಗೆ ಮುಳ್ಳು ಚುಚ್ಚಿದ್ರೂ ನಿಂಗೆ ಗೊತ್ತಾಗಲ್ಲ. ನಿಂಗೆ ಗೊತ್ತಾಗದೇ ಇರೋದನ್ನ ನಿನ್ ಸೊಸೆ ನೋಡ್ಬೇಕು. ವಾರಕ್ಕೊಂದು ಸಲ, ತಪ್ಪಿಸ್ಬೇಡ ವನಜಾ."

ಅವತ್ತಿನಿಂದ ಭಾನುವಾರದ ಪದ್ಧತಿ ಅದು. ಭೀಮಕ್ಕ ತಲೆಗೆ ನೀರು ಹಾಕಿಕೊಂಡು, ಹಿಮ್ಮಡಿಯನ್ನು ಕಲ್ಲಿನಲ್ಲಿ ತಿಕ್ಕಿ, ಮಂಚದ ಮೇಲೆ ಕಾಲು ಚಾಚಿ ಕೂರುವಳು. ವನಜಾ ಗೋಡೆಯ ಗೂಡಿನಿಂದ ಬ್ಯಾಟರಿ ತೆಗೆದು, ನೆಲದ ಮೇಲೆ ಕೂತು, ಒಂದೊಂದೇ ಬೆರಳ ಸಂದಿಗೆ ಬೆಳಕು ಬಿಡುವಳು.

"ಏನವ್ವ, ನಿಧಿ ಸಿಕ್ತಾ?"

"ಸಿಕ್ತು ಅತ್ತೆ. ಮಲ್ಲಾಘಟ್ಟದ ಕೆರೆ ಮಣ್ಣು ಪೂರ್ತಿ ಇಲ್ಲೇ ಐತೆ."

ಇಬ್ಬರೂ ನಗುವರು. ಅದಾದ ಮೇಲೇ ಅವತ್ತಿನ ಕೋಳಿಸಾರಿಗೆ ಮಸಾಲೆ ಅರೆಯುವುದು.

ದೊಡ್ಡ ಡಾಕ್ಟರು ಹೋದ ದೀಪಾವಳಿಗೆ ತೀರಿಕೊಂಡರು. ಅವರ ಮಗ, ಬೆಂಗಳೂರಿನಲ್ಲಿ ದೊಡ್ಡ ಓದು ಓದಿದವನು, ಬಂದು ಆಸ್ಪತ್ರೆ ಹಿಡಿದ. ಕೈ ಒಳ್ಳೆಯದು, ಬಾಯಿ ಕೆಟ್ಟದ್ದು ಎಂದು ಊರೆಲ್ಲ ಮಾತಾಡಿಕೊಂಡಿತು. ವನಜಾಳನ್ನು ಅವನು ಹೆಸರು ಹಿಡಿದು ಕರೆದದ್ದೇ ಇಲ್ಲ. "ಏಯ್" ಅನ್ನುತ್ತಿದ್ದ. ಮೂವತ್ತು ವರ್ಷ ಅಲ್ಲಿ ಗಾಯ ಕಟ್ಟಿದ ದುರ್ಗಯ್ಯನಿಗೆ ರೋಗಿಗಳ ಎದುರಿಗೇ "ಮುದಿ ಕತ್ತೆ" ಅಂದ. ದುರ್ಗಯ್ಯ ಮಾರನೆಯ ದಿನ ಬರಲಿಲ್ಲ, ಆಮೇಲೂ ಬರಲಿಲ್ಲ.

ಸಂಕ್ರಾಂತಿ ಕಳೆದ ಮೇಲಿನ ಭಾನುವಾರ ಭೀಮಕ್ಕ ಎಂದಿನಂತೆ ಕಾಲು ಚಾಚಿ ಕೂತಳು. ವನಜಾ ಬಟ್ಟೆ ಮಡಚುತ್ತಿದ್ದಳು. ತಲೆ ಎತ್ತಲಿಲ್ಲ.

"ವನಜಾ, ನೀರು ಹಾಕ್ಕಂಡು ಆಯ್ತು ಕಣವ್ವ. ಬ್ಯಾಟರಿ ತತ್ತೀಯಾ?"

ಕೈಯಲ್ಲಿದ್ದ ಸೀರೆ ಹಾಸಿಗೆಗೆ ಬಿತ್ತು. "ಆರು ದಿನ ಅಲ್ಲಿ ಕಂಡೋರ ಕಾಲು ಹಿಡೀಬೇಕು, ಏಳನೇ ದಿನ ಇಲ್ಲಿ ನಿನ್ ಕಾಲು ಹಿಡೀಬೇಕಾ? ನಂಗೂ ಒಂದು ಜೀವ ಅಂತ ಐತೋ ಇಲ್ವೋ ಈ ಮನೇಲಿ?"

ಅಂದವಳಿಗೇ ಅಂದದ್ದು ಕೇಳಿಸಿತೋ ಏನೋ, ಸೀರೆಯನ್ನು ಮತ್ತೆ ಎತ್ತಿಕೊಂಡು ಮಡಚಿದ್ದನ್ನೇ ಮಡಚಿದಳು. ಭೀಮಕ್ಕ ಕಾಲುಗಳನ್ನು ಮೆಲ್ಲಗೆ ಒಳಗೆಳೆದುಕೊಂಡು ಸೀರೆಯ ನೆರಿಗೆ ಮುಚ್ಚಿದಳು.

"ಬುಡು ಬುಡು. ಸುಮ್ನೆ ಕೇಳ್ದೆ. ಏನಾಗೈತೆ ನನ್ ಕಾಲಿಗೆ, ಕಲ್ಲು ಇದ್ದಂಗಿದೆ."

ಮುಂದಿನ ಭಾನುವಾರ ಅವಳು ಕಾಲು ಚಾಚಲಿಲ್ಲ, ಸೊಸೆ ಕೇಳಲೂ ಇಲ್ಲ. ಬ್ಯಾಟರಿ ಗೂಡಿನಲ್ಲಿ ಉಳಿಯಿತು.

ಶಿವರಾತ್ರಿ ಮುಗಿದ ಮೇಲೆ ತೋಂಟದಾರ್ಯರ ಮನೆಯಲ್ಲಿ ಕೊಬ್ಬರಿ ಬಿಚ್ಚುವ ಕೆಲಸ ಬಂತು. ವರ್ಷ ಪೂರ್ತಿ ಅಟ್ಟದ ಮೇಲೆ ಒಣಗಿದ ಕಾಯಿ. ಅಲ್ಲಾಡಿಸಿದರೆ ಒಳಗೆ ಉಂಡೆ ಕೊಬ್ಬರಿ ಲೊಟಲೊಟ ಅನ್ನಬೇಕು. ಅಂಥದ್ದನ್ನು ಆಯ್ದು, ಉಂಡೆಗೆ ಏಟು ಬೀಳದ ಹಾಗೆ ಮೇಲಿನ ಚಿಪ್ಪನ್ನು ಒಡೆದು ತೆಗೆಯುವುದು. ಭೀಮಕ್ಕನ ಕೈಯಲ್ಲಿ ಒಂದು ಉಂಡೆಯೂ ಒಡೆಯುವುದಿಲ್ಲ ಎಂದು ತೋಂಟದಾರ್ಯರ ಹೆಂಡತಿ ಸರ್ವಮಂಗಳಮ್ಮ ಪ್ರತಿ ವರ್ಷ ಹೇಳಿ ಕಳಿಸುತ್ತಿದ್ದರು.

ಸಕ್ಕರೆ ಕಾಯಿಲೆಯವರು ಹಾಕಬೇಕಾದ ಮೆತ್ತನೆಯ ಚಪ್ಪಲಿಯನ್ನು ವನಜಾ ತುಮಕೂರಿನಿಂದ ತರಿಸಿಕೊಟ್ಟಿದ್ದಳು. ಭೀಮಕ್ಕ ಅದನ್ನು ಕೊಬ್ಬರಿ ಕೋಣೆಯ ಬಾಗಿಲ ತನಕ ಹಾಕಿಕೊಂಡು ಹೋಗಿ ಹೊರಗೇ ಬಿಟ್ಟಳು.

"ಹಾಕ್ಕಂಡೇ ಬಾ ಭೀಮಕ್ಕ, ಚಿಪ್ಪು ಹಾರ್ತದೆ" ಅಂದರು ಸರ್ವಮಂಗಳಮ್ಮ.

"ಅಯ್ಯೋ, ರಾಶಿ ಹತ್ರ ಚಪ್ಪಲಿ ಮೆಟ್ಕಂಡು ಬರೋದುಂಟೇನ್ರವ್ವ? ಅನ್ನ ಕೊಡೋ ಲಕ್ಷ್ಮಿ ಅದು."

ಆ ಕೋಣೆಯಲ್ಲಿ ಇದ್ದ ಆರು ಜನ ಹೆಂಗಸರಲ್ಲಿ ಯಾರ ಕಾಲಿನಲ್ಲೂ ಚಪ್ಪಲಿ ಇರಲಿಲ್ಲ. ಸಾಯಂಕಾಲ ಮನೆಗೆ ಬಂದು ಭೀಮಕ್ಕ ಅಡಿಗೆಮನೆಗೂ ಬಚ್ಚಲಿಗೂ ಓಡಾಡಿದ ಮೇಲೆ ಶಶಿ ಕೂಗಿದಳು.

"ಅಜ್ಜೀ, ನೆಲದ ಮೇಲೆಲ್ಲ ಕೆಂಪಗೆ ಏನಿದು?"

"ಎಲೆಅಡಿಕೆ ಉಗುಳು ಕಣೇ. ವಯಸ್ಸಾಯ್ತು, ಬಾಯಿ ನಿಲ್ಲಲ್ಲ."

"ಥೂ! ಮನೆಯೊಳಗೆ ಉಗುಳ್ತೀಯಾ?"

ಮೊಮ್ಮಗಳು ಬೈದುಕೊಂಡು ಒರೆಸಿದಳು. ಭೀಮಕ್ಕ ಬಚ್ಚಲಲ್ಲಿ ಕೂತು ಎಡಗಾಲನ್ನು ತಿರುಗಿಸಿ ನೋಡಿದಳು. ಹೆಬ್ಬೆರಳ ಬುಡದಲ್ಲಿ ಚಿಪ್ಪಿನ ಚೂರೊಂದು ಉಗುರಿನಷ್ಟು ಒಳಗೆ ಹೋಗಿತ್ತು. ನೋವಿರಲಿಲ್ಲ. ಕಿತ್ತು ಎಸೆದು, ಅರಿಶಿನಕ್ಕೆ ಕೊಬ್ಬರಿ ಎಣ್ಣೆ ಕಲಸಿ ಮೆತ್ತಿ, ಹಳೆ ಸೀರೆಯ ಅಂಚು ಹರಿದು ಸುತ್ತಿದಳು. ಮುಂದಿನ ವಾರಗಳಲ್ಲಿ ಅದು ಒಮ್ಮೆ ಒಣಗಿದಂತೆ ಕಂಡಿತು, ಒಮ್ಮೆ ಒದ್ದೆಯಾಯಿತು.

ಸೊಸೆಗೆ ಹೇಳಬೇಕೆಂದು ಎರಡು ಸಲ ಬಾಯಿ ತೆರೆದಳು. ಒಂದು ಸಲ ವನಜಾ ಬರುತ್ತಲೇ ಮಗಳ ಪುಸ್ತಕ ಎತ್ತಿ ಎಸೆದಿದ್ದಳು. ಇನ್ನೊಂದು ಸಲ ಗಂಡ ಹೆಂಡತಿ ಊಟದ ಮುಂದೆಯೇ ಕಿತ್ತಾಡುತ್ತಿದ್ದರು.

"ದಿನಾ ಈ ಮುಖ ಹೊತ್ಕಂಡು ಬರೋ ಬದಲು ಬುಟ್ಬುಡು ಕೆಲ್ಸ" ಅಂದ ಈರೇಶ. "ಇನ್ನೊಂದು ಆಸ್ಪತ್ರೆ ಇಲ್ವಾ?"

"ಎಲ್ಲೈತೆ? ತಿಪಟೂರಿಗೆ ಹೋದ್ರೆ ಅರ್ಧ ಸಂಬಳ, ಮೇಲೆ ಬಸ್ ಚಾರ್ಜು. ಶಶಿ ಪಿಯುಸಿಗೆ ನಿಮ್ ಮಂಡಿ ಯಜಮಾನ್ರು ಕಟ್ತಾರಾ?"

"ಹಂಗಾದ್ರೆ ಬೈಸ್ಕಂಡು ಸುಮ್ನಿರು. ನಮ್ಗೂ ಮಂಡೀಲಿ ಬೈತಾರೆ. ಈ ಕಿವೀಲಿ ಕೇಳಿ ಆ ಕಿವೀಲಿ ಬುಡ್ತೀನಿ."

"ನೀವು ಮೂಟೆ ಎತ್ತೋರು ಕಣ್ರೀ. ಬೈಸ್ಕಂಡ್ರೂ ಮೂಟೆ ಮೂಟೇನೇ." ವನಜಾಳ ದನಿ ಇಳಿಯಿತು. "ನನ್ ಕೈಯಲ್ಲಿರೋದು ಸೂಜಿ. ಅವನು ಬೈದ ಮೇಲೆ ಅರ್ಧ ಗಂಟೆ ನಂಗೆ ಕೈ ನಡುಗ್ತದೆ. ಮೊನ್ನೆ ಚೀಟೀಲಿ ಬರೆದಿದ್ದು ಓದಕ್ಕಾಗ್ಲಿಲ್ಲ. ದೊಡ್ಡ ಡಾಕ್ಟ್ರಾಗಿದ್ರೆ ಹತ್ತು ಸಲ ಕೇಳ್ತಿದ್ದೆ. ಇವನನ್ನ ಕೇಳಕ್ಕೆ ಭಯ ಆಗಿ ಔಷಧಿ ಸಿರಿಂಜಿಗೆ ಎಳ್ಕಂಡುಬಿಟ್ಟಿದ್ದೆ. ಆ ರೋಗಿ ಹೆಂಡತಿನೇ, 'ಸಿಸ್ಟರೇ, ನೆನ್ನೆ ಬಾಟ್ಲು ಬೇರೆ ಬಣ್ಣ ಇತ್ತಲ್ಲ' ಅಂದ್ಲು. ಅವಳು ಅನ್ನದೇ ಇದ್ದಿದ್ರೆ?"

ಈರೇಶ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟ. ಇಂಥದ್ದರ ನಡುವೆ ತನ್ನ ಕಾಲಿನ ಮಾತೆಲ್ಲಿ ತೆಗೆಯುವುದೆಂದು ಭೀಮಕ್ಕ ಮಜ್ಜಿಗೆ ಬಡಿಸಿದಳು.

ಆದರೆ ಗಾಯದ ಸುತ್ತ ಕಪ್ಪು ತಿರುಗಿತು. ಆಗ ಅವಳಿಗೊಂದು ಉಪಾಯ ಹೊಳೆಯಿತು. ಮನೆಯಲ್ಲಿ ತೋರಿಸಿದರೆ ತಾನೇ ಬೇಸರ? ಆಸ್ಪತ್ರೆಗೇ ಹೋಗಿ ಎಲ್ಲರಂತೆ ಚೀಟಿ ಬರೆಸಿ ಕೂತರೆ ಅದು ಅವಳ ಡ್ಯೂಟಿ. ತನ್ನನ್ನು ಬೆಂಚಿನ ಮೇಲೆ ಕಂಡರೆ ನಕ್ಕರೂ ನಕ್ಕಾಳು. ಯುಗಾದಿಗೆ ಎಂಟು ದಿನ ಇತ್ತು. ಗುರುವಾರ ಬೆಳಿಗ್ಗೆ ಒಗೆದ ಸೀರೆ ಉಟ್ಟು, ಎಲೆಅಡಿಕೆ ಸಂಚಿ ಸೊಂಟಕ್ಕೆ ಸಿಕ್ಕಿಸಿ, ಒಬ್ಬಳೇ ಹೊರಟಳು.

ಚೀಟಿ ಬರೆಯುವ ಹುಡುಗಿ ಹೊಸಬಳು. "ಹೆಸರೇನಜ್ಜಿ?" ಅಂದಳು. "ಭೀಮಕ್ಕ. ನಮ್..." ನಮ್ಮ ಸೊಸೆ ಇಲ್ಲೇ ಇರೋದು ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಒಳಗೆ ಏನೋ ಧಡಾರೆಂದು ಬಿತ್ತು. ಸ್ಟೀಲಿನ ಟ್ರೇ ಒಂದು ಬಾಗಿಲಿನಿಂದ ಉರುಳಿಕೊಂಡು ಬಂದು ಜನರ ಕಾಲ ಬಳಿ ಗರಗರ ತಿರುಗಿ ನಿಂತಿತು.

"ಬುದ್ಧಿ ಇದೆಯಾ ನಿಂಗೆ? ಎಷ್ಟು ಸಲ ಹೇಳ್ಬೇಕು? ಏಯ್, ಮುಖ ನೋಡ್ತೀಯಲ್ಲ, ಎಮ್ಮೆ ನೋಡ್ದಂಗೆ! ಹದಿನಾರು ವರ್ಷದಿಂದ ನಮ್ಮಪ್ಪ ನಿಂಗೆ ಸಂಬಳ ಕೊಟ್ಟಿದ್ದು ಯಾತಕ್ಕೆ? ಎತ್ಕೋ ಅದನ್ನ!"

ಬೆಂಚುಗಳ ಮೇಲಿದ್ದ ಇಪ್ಪತ್ತು ಜನ ಬಾಗಿಲ ಕಡೆ ತಿರುಗಿದರು. ಬಾಗಿಲಿನಿಂದ ವನಜಾ ಹೊರಗೆ ಬಂದಳು. ಬಿಳಿ ಸೀರೆ, ಬಗ್ಗಿದ ತಲೆ. ಯಾರ ಮುಖವನ್ನೂ ನೋಡದೆ ಮಂಡಿಯೂರಿ, ಚೆಲ್ಲಿದ ಕತ್ತರಿ, ಹತ್ತಿ, ಚಿಮಟ ಒಂದೊಂದನ್ನೇ ಆಯ್ದು ಟ್ರೇಗೆ ಹಾಕತೊಡಗಿದಳು. ಒಂದು ಕತ್ತರಿ ಭೀಮಕ್ಕನ ಕಾಲಿನಿಂದ ಮಾರು ದೂರದಲ್ಲಿತ್ತು. ಭೀಮಕ್ಕ ಸೆರಗನ್ನು ಹಣೆಯ ತನಕ ಎಳೆದುಕೊಂಡು ಗೋಡೆಯ ಕಡೆ ತಿರುಗಿ ನಿಂತಳು. ಬೆನ್ನ ಹಿಂದೆ ಕತ್ತರಿ ಟ್ರೇಗೆ ಬಿದ್ದ ಸದ್ದು ಕೇಳಿಸಿತು, ಆಮೇಲೆ ಚಪ್ಪಲಿಯ ಸದ್ದು ಒಳಗೆ ಹೋಯಿತು.

"ಅಜ್ಜಿ, ಚೀಟಿ ತಗೋ. ನಿಂದು ಇಪ್ಪತ್ಮೂರನೇ ನಂಬರು."

ಭೀಮಕ್ಕ ಚೀಟಿ ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿ ಸಂಚಿಗೆ ತುರುಕಿದಳು. ಒಳಗೆ ಹೋಗಲಿಲ್ಲ. ಬಿಸಿಲಲ್ಲಿ ನಿಧಾನವಾಗಿ ಮನೆಗೆ ನಡೆದಳು. ದಾರಿಯಲ್ಲಿ ಹುರುಳಿಕಾಳು ಕೊಂಡಳು.

ಅವತ್ತು ಸಾಯಂಕಾಲ ವನಜಾಗೆ ಇಷ್ಟವಾದ ಹುರುಳಿ ಬಸ್ಸಾರು ಮಾಡಿ, ತಟ್ಟೆಯ ಮುಂದೆ ಕೂತು ಕೇಳಿದಳು.

"ಹೆಂಗಿತ್ತವ್ವ ಇವತ್ತು ಕೆಲ್ಸ?"

ವನಜಾ ಮುದ್ದೆ ಮುರಿದು ಸಾರಿಗೆ ಅದ್ದಿದಳು. "ಚೆನ್ನಾಗಿತ್ತು ಅತ್ತೆ. ಇವತ್ತು ಜನ ಕಮ್ಮಿ."

"ಒಳ್ಳೇದಾಯ್ತು ಬುಡು. ಇನ್ನೊಂದಿಷ್ಟು ಹಾಕ್ಕ."

ಯುಗಾದಿಗೆ ಭೀಮಕ್ಕ ಹೋಳಿಗೆ ತಟ್ಟಿದಳು, ತಾನು ತಿನ್ನಲಿಲ್ಲ. ಮೈ ಕಾವೇರಿತ್ತು. ಬಿಸಿಲ ಝಳ ಅಂದಳು. ಹಬ್ಬದ ನಾಲ್ಕನೆಯ ದಿನ ಶಶಿ ಮೂಗು ಮುಚ್ಚಿಕೊಂಡು ಅಜ್ಜಿಯ ಕೋಣೆಯಿಂದ ಓಡಿಬಂದಳು.

"ಅಮ್ಮಾ, ಅಜ್ಜಿ ಮಂಚದ ಕೆಳಗೆ ಇಲಿ ಸತ್ತೈತೆ. ಹುಡುಕಿದ್ರೂ ಸಿಗ್ತಿಲ್ಲ."

ವನಜಾ ಬಾಗಿಲಲ್ಲೇ ನಿಂತಳು. ಆ ವಾಸನೆ ಇಲಿಯದಲ್ಲ ಎಂದು ಅವಳಿಗೆ ಗೊತ್ತಾಗಲು ಎರಡು ಉಸಿರು ಸಾಕಾಯಿತು. ಅತ್ತೆಯ ಹೊದಿಕೆ ಸರಿಸಿ, ಕಾಲಿಗೆ ಸುತ್ತಿದ್ದ ಸೀರೆಯ ಅಂಚನ್ನು ಬಿಚ್ಚಿದಳು. ಕೊನೆಯ ಸುತ್ತು ಚರ್ಮದ ಜೊತೆಗೇ ಬಂತು. ಹೆಬ್ಬೆರಳು ಸುಟ್ಟ ಕೊಬ್ಬರಿಯಂತೆ ಕಪ್ಪಾಗಿತ್ತು.

"ಬುದ್ಧಿ ಇದೆಯಾ ನಿಂಗೆ?" ವನಜಾ ಕಿರುಚಿದಳು. "ಎಷ್ಟು ಸಲ ಹೇಳ್ಬೇಕು? ಎಷ್ಟು ಸಲ ಹೇಳ್ಬೇಕು ನಿಂಗೆ?"

ಅದೇ ಮಾತು, ಅದೇ ದನಿ. ಭೀಮಕ್ಕ ಜ್ವರದಲ್ಲಿಯೂ ಬೆಚ್ಚಿ ಸೆರಗನ್ನು ಹಣೆಗೆ ಎಳೆದುಕೊಂಡಳು. ವನಜಾ ಆ ಕಾಲನ್ನು ಹಾಗೇ ಹಿಡಿದುಕೊಂಡು ಕೂತಿದ್ದಳು. ಶಶಿ ಅಪ್ಪನನ್ನು ಕರೆಯಲು ಮಂಡಿಗೆ ಓಡಿದಳು.

ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರ ಮಗನೇ ನೋಡಿ, ತುಮಕೂರಿನ ದೊಡ್ಡ ಆಸ್ಪತ್ರೆಗೆ ಕಾಗದ ಬರೆದು ಕೊಟ್ಟ. ಕಾರು ಅವನೇ ಕೊಟ್ಟ, ಒಂದು ಪೈಸೆ ಮುಟ್ಟಲಿಲ್ಲ. ಕಾಗದ ಮಡಚಿ ಕೊಡುವಾಗ ಮಾತ್ರ, "ಮನೇಲಿರೋ ಕಾಲು ನೋಡಕ್ಕಾಗಲ್ಲ, ನರ್ಸಂತೆ" ಅಂದ. ವನಜಾ ಎರಡು ಕೈಯಲ್ಲಿ ಕಾಗದ ತೆಗೆದುಕೊಂಡಳು.

ಎಡಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿ ತೆಗೆದರು. ಇಪ್ಪತ್ತಾರು ದಿನ ತುಮಕೂರಿನಲ್ಲಿ ಇರಬೇಕಾಯಿತು. ಶಶಿಯ ಪರೀಕ್ಷೆ ಮುಗಿದಿತ್ತು. ಅಡಿಗೆ ಅವಳ ಪಾಲಿಗೆ ಬಂತು. ಈರೇಶ ಮೊದಲ ದಿನ ಮಗಳ ಮುದ್ದೆಯಲ್ಲಿ ಗಂಟು ಕಂಡು, "ಇದನ್ನ ಮಂಡೀಲಿ ತೂಕದ ಕಲ್ಲು ಮಾಡ್ಬೋದು" ಅಂದ. ನಕ್ಕವರು ಯಾರೂ ಇರಲಿಲ್ಲ. ಅವನೇ ಆ ಮುದ್ದೆಯನ್ನು ಪೂರ್ತಿ ನುಂಗಿದ. ಒಂದು ದಿನ ಶಶಿ ಪಾತ್ರೆ ತೊಳೆಯುತ್ತ, "ಅಪ್ಪ, ನಾನು ನರ್ಸಿಂಗ್ ಓದಲ್ಲ" ಅಂದಳು. "ಇನ್ನೇನು ಓದ್ತೀಯಾ?" ಅಂದದ್ದಕ್ಕೆ, "ಯಾರೂ ಬೈದೇ ಇರೋದು ಏನೈತೆ?" ಅಂದಳು.

ಭೀಮಕ್ಕನನ್ನು ಮನೆಗೆ ಕರೆತಂದ ಮೇಲೆ ವನಜಾ ಮನೆಯಲ್ಲಿ ಜೋರಾಗಿ ಮಾತಾಡಿದ್ದನ್ನು ಯಾರೂ ಕೇಳಲಿಲ್ಲ. ಬೆಳಿಗ್ಗೆ ಗಾಯಕ್ಕೆ ಡ್ರೆಸ್ಸಿಂಗ್ ಮಾಡಿ, ಡಬ್ಬಿ ತೆಗೆದುಕೊಂಡು ಅದೇ ಕೆಲಸಕ್ಕೆ ಹೋಗುತ್ತಿದ್ದಳು. ಒಂದೇ ಪ್ರಶ್ನೆ ಆಗಾಗ ಬರುತ್ತಿತ್ತು.

"ಯಾಕೆ ಹೇಳ್ಲಿಲ್ಲ ಅತ್ತೆ? ನಾನು ಅವತ್ತು ಬೈದೆ ಅಂತಲಾ?"

"ಇಲ್ಲ ಕಣವ್ವ. ನೋವಿರ್ಲಿಲ್ಲ. ಮರೆತ್ಹೋಯ್ತು."

ಒಂದು ಮಂಗಳವಾರ ವನಜಾ ಕೆಲಸಕ್ಕೆ ಹೊರಡುವ ಮುಂಚೆ ಅತ್ತೆಗೆ ಎಲೆ ಮಡಚಿ ಕೊಡಲು ಸಂಚಿ ಬಿಚ್ಚಿದಳು. ಒಣಗಿದ ಅಡಿಕೆಯ ಕೆಳಗೆ, ಸುಣ್ಣದ ಡಬ್ಬಿಗೆ ಅಂಟಿಕೊಂಡು, ನಾಲ್ಕು ಮಡಿಕೆಯ ಕಾಗದವಿತ್ತು. ಬಿಡಿಸಿದಳು. ತಮ್ಮ ಆಸ್ಪತ್ರೆಯ ಚೀಟಿ. ಭೀಮಕ್ಕ, ವಯಸ್ಸು ಅರವತ್ತೆಂಟು, ನಂಬರು ಇಪ್ಪತ್ಮೂರು. ತಾರೀಕನ್ನು ಅವಳು ಎರಡನೇ ಸಲ ಓದಬೇಕಾಗಿರಲಿಲ್ಲ.

"ಅತ್ತೆ, ಇದು ಟ್ರೇ ಎಸೆದ ದಿನ."

ಭೀಮಕ್ಕ ಗೋಡೆಯ ಕಡೆ ನೋಡಿದಳು.

"ಬಂದಿದ್ಯಾ ನೀನು? ತೋರಿಸಕ್ಕೆ ಅಂತ ಬಂದಿದ್ಯಾ?"

"ಬಂದಿದ್ದೆ."

"ಮತ್ತೆ ಯಾಕೆ ಒಳಗೆ ಬರ್ಲಿಲ್ಲ?"

"ಏನಂತ ಬರ್ಲಿ? ಅಷ್ಟು ಜನದ ಮುಂದೆ ನೀನು ಮಂಡಿಯೂರ್ಕಂಡು ಕತ್ರಿ ಆಯ್ತಿದ್ದೆ." ಭೀಮಕ್ಕನ ದನಿ ತೀರ ಸಣ್ಣದಾಯಿತು. "ನಿನ್ ಅತ್ತೆ ಅದನ್ನ ನೋಡುದ್ಲು ಅಂತ ಗೊತ್ತಾದ್ರೆ, ಮನೇಲಿ ನೀನು ತಲೆ ಎತ್ಕಂಡು ಓಡಾಡ್ತಿದ್ಯಾ? ಇಲ್ಲಾದ್ರೂ ನೀನು ದೊಡ್ಡೋಳಾಗಿರ್ಲಿ ಅಂತ."

ವನಜಾ ಚೀಟಿಯನ್ನು ಮೊದಲಿದ್ದ ಮಡಿಕೆಗಳಲ್ಲೇ ಮಡಚಿದಳು. ಬಾಗಿಲ ಬಳಿ ಶಶಿ ತುಂಬಿದ ಡಬ್ಬಿ ಹಿಡಿದು ನಿಂತಿದ್ದಳು. ಗಡಿಯಾರದಲ್ಲಿ ಒಂಬತ್ತು ದಾಟಿತ್ತು. ವನಜಾ ಗೂಡಿನ ಕಡೆ ನಡೆದು ಬ್ಯಾಟರಿ ತೆಗೆದಳು.

"ಕಾಲು ಚಾಚು ಅತ್ತೆ."

"ಇವತ್ತು ಮಂಗಳವಾರ ಕಣವ್ವ. ಡ್ಯೂಟಿಗೆ ಹೊತ್ತಾಯ್ತು. ಅವನು ಬೈತಾನೆ."

"ಬೈಲಿ. ಚಾಚು."

ಭೀಮಕ್ಕ ಬಲಗಾಲನ್ನು ಚಾಚಿದಳು. ವನಜಾ ಗುಂಡಿ ಒತ್ತಿದಳು. ಬೆಳಕು ಬರಲಿಲ್ಲ. ಅಂಗೈಗೆ ಎರಡು ಸಲ ಬಡಿದು ಮತ್ತೆ ಒತ್ತಿದಳು. ಕೊನೆಗೆ ಹಿಂದಿನ ಮುಚ್ಚಳ ತಿರುಗಿಸಿದಾಗ ಸೆಲ್ಲುಗಳು ಊದಿ ಒಡೆದು, ಬೆಳ್ಳಗೆ ಪುಡಿ ಕಟ್ಟಿಕೊಂಡು, ಕೊಳವೆಗೇ ಕಚ್ಚಿಕೊಂಡಿದ್ದವು. ಸಂಕ್ರಾಂತಿಯಿಂದ ಯಾರೂ ಅದನ್ನು ಹೊತ್ತಿಸಿರಲಿಲ್ಲ. ವನಜಾ ಅದನ್ನು ನೆಲದ ಮೇಲಿಟ್ಟಳು. ಮಂಚದ ಒಂದು ತುದಿಯನ್ನು ಹಿಡಿದು ಬಾಗಿಲ ಬೆಳಕಿನ ಕಡೆಗೆ ಎಳೆದಳು. ಶಶಿ ಡಬ್ಬಿ ಕೆಳಗಿಟ್ಟು ಬಂದು ಇನ್ನೊಂದು ತುದಿ ಹಿಡಿದಳು. ಆಮೇಲೆ ವನಜಾ ನೆಲದ ಮೇಲೆ ಕೂತು, ಅತ್ತೆಯ ಪಾದವನ್ನು ಬಿಳಿ ಸೀರೆಯ ಮಡಿಲಿಗೆ ತೆಗೆದುಕೊಂಡು, ಕಿರುಬೆರಳ ಸಂದಿಯನ್ನು ಮೆಲ್ಲಗೆ ಅಗಲಿಸಿದಳು.